ಆಗ ಅವನ ವಯಸ್ಸೆಷ್ಟಿತ್ತು?

ಮೊನ್ನೆ ಹಿತ್ತಲಲ್ಲಿ ಜಾಲಿ ಕಟ್ಟಿಗೆ ಎತ್ತಿಡಲು ಹೋಗಿ ಬಲಗೈ ಹೆಬ್ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡೆ. ಬೇರೆಯವರಾಗಿದ್ದರೆ ಒಂದು ಹನಿ ರಕ್ತ, ಒಂದು "ಹಾ" ಎಂದು ಮುಗಿಯುತ್ತಿತ್ತು. ನನ್ನದು ಹಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳು ಬದನೆಕಾಯಿ, ಸಂಜೆಗೆ ಮೈಯೆಲ್ಲ ಕಾವು. ಅರಿಷಿಣ, ಸುಣ್ಣ ಕಲಸಿ, ಸೌಟಿನಲ್ಲಿ ಬಿಸಿಮಾಡಿ ಹಚ್ಚಿಕೊಂಡೆ. ಆ ಘಮ ಮೂಗಿಗೆ ಬಂತು ನೋಡಿ, ಚಿಕ್ಕಂದಿನಲ್ಲಿ ಇದನ್ನು ಹಚ್ಚುತ್ತಿದ್ದ ನೀಲವ್ವತ್ತೆ ನೆನಪಾದಳು. ಅವಳೇನು ದೂರದಲ್ಲಿಲ್ಲ, ಕೊಪ್ಪಳದಿಂದ ಬಸ್ಸು ಹತ್ತಿದರೆ ಇರಕಲ್ಲಗಡ ಎಷ್ಟರ ದಾರಿ? ಆದರೂ ಕೆಲವರನ್ನು ಕಣ್ಣಾರೆ ನೋಡುವುದಕ್ಕಿಂತ ವಾಸನೆಯಲ್ಲಿ ನೋಡುವುದೇ ಹೆಚ್ಚು ಸ್ಪಷ್ಟ.

ನಮ್ಮ ಮನೆತನಕ್ಕೆ ಊರಲ್ಲಿ "ಬಿಸಿರಗತದವರು" ಎಂದೇ ಹೆಸರು. ಚೇಳು ಕಡಿದರೆ ತೊಡೆತನಕ ಬಾವು, ಹಲ್ಲುನೋವು ಬಂದರೆ ಮುಖ ಅತ್ತಲಾಗಿ ಒಂದು, ಇತ್ತಲಾಗಿ ಒಂದು. ಇದನ್ನು ನಾವು ರೋಗ ಎಂದುಕೊಳ್ಳಲಿಲ್ಲ, ಬಿರುದು ಎಂದುಕೊಂಡೆವು. "ನಮ್ಮ ಮೈ ಸುಮ್ನ ಬಿಡೂದಿಲ್ಲ, ಬಂದ ವೈರೀನ ಸುಟ್ಟ ಬಿಡತೈತಿ" ಎಂದು ಅಪ್ಪ ಮೀಸೆ ತೀಡುತ್ತಿದ್ದ. ಶಾಲೆಯಲ್ಲಿ ಸಿಡುಬು ಬಾರದಂತೆ ದೇವಿಚುಚ್ಚು ಹಾಕಿದಾಗ ನನ್ನ ತೋಳು ತರಗತಿಗೆಲ್ಲ ಹೆಚ್ಚು ಊದಿತ್ತು. ಮೊದಲ ನಂಬರು ಬಂದಷ್ಟೇ ಜಂಬದಿಂದ ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದೆ. ಲೆಕ್ಕದಲ್ಲಿ ಮೊದಲ ನಂಬರು ಬರಲಿಲ್ಲವಲ್ಲ, ಅದಾದರೂ ಇರಲಿ ಅಂತ.

ನೀಲವ್ವತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ನಿಂತವಳು. ಓದು ಬರಹ ಇಲ್ಲ. ಆದರೆ ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಬೈಯುತ್ತಿದ್ದಳು ಅಂತಲ್ಲ, ಪ್ರಶ್ನೆ ಕೇಳುತ್ತಿದ್ದಳು. ಮಠದಲ್ಲಿ ಪುರಾಣ ನಡೆದಿದ್ದರೆ ನಡುವೆಯೇ "ಅಲ್ರಿ, ಹನ್ನೆರಡ ವರ್ಷ ಅಡವ್ಯಾಗಿದ್ರಲ್ಲ, ಅವರಿಗೆ ಹಿಟ್ಟು ಯಾರು ಬೀಸಿ ಕೊಟ್ರು?" ಎಂದುಬಿಡುವಳು. ಶಾಸ್ತ್ರಿಗಳು ನೀರು ಕುಡಿಯಬೇಕು.

ಹೆಳವರು ಬಂದಾಗ ಮಾತ್ರ ಅವಳನ್ನು ಸುಮ್ಮನಿರಿಸುತ್ತಿದ್ದರು. ನಮ್ಮ ಕಡೆಯವರಲ್ಲದ ಓದುಗರಿಗೆ ಹೇಳಬೇಕು: ಹೆಳವರೆಂದರೆ ಮನೆತನಗಳ ವಂಶ ಹೇಳುವವರು. ಮೂರು ನಾಲ್ಕು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟರ್ ಸೈಕಲ್ಲಿನ ಮೇಲೆ. ಗಂಟೆ ಬಾರಿಸಿ, ಕಟ್ಟೆಯ ಮೇಲೆ ಕುಳಿತು, ಕೆಂಪು ಬಟ್ಟೆ ಬಿಚ್ಚಿ ಹೊತ್ತಿಗೆ ತೆಗೆದು, ನಿಮ್ಮ ಮೂಲ ಯಾವ ಊರು, ಯಾರಿಗೆ ಯಾರು ಹುಟ್ಟಿದರು, ಯಾರು ಹೇಗೆ ಬಾಳಿದರು ಎಂದು ರಾಗವಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರೆದುಕೊಂಡು, ಜೋಳ, ಧೋತರ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಬರುತ್ತಿದ್ದವನು ಯಲ್ಲಪ್ಪ. ತೆಳ್ಳಗೆ, ಎತ್ತರಕ್ಕೆ, ಹಳದಿ ರುಮಾಲಿನ ಮನುಷ್ಯ. ಅವನ ದನಿಗೆ ಓಣಿಯ ನಾಯಿಗಳೂ ಬಾಲ ಮಡಚಿ ಕೂರುತ್ತಿದ್ದವು.

ಅವನು ಹೇಳುತ್ತಿದ್ದ ನಮ್ಮ ವಂಶದ ಕತೆಗೆ ನಾವೆಲ್ಲ ಮರುಳಾಗಿದ್ದೆವು. ಮುತ್ತಜ್ಜ ಪಂದ್ಯಕ್ಕೆ ಬಿದ್ದು ಸಂಗ್ರಾಣಿ ಕಲ್ಲನ್ನು ಭುಜದ ಮೇಲೆ ಎತ್ತಿ, ಹನುಮಪ್ಪನ ಗುಡಿ ಒಂದು ಸುತ್ತು ಹಾಕಿ, ಕಲ್ಲಿಳಿಸಿ, ಅಲ್ಲೇ ಕುಳಿತವನು ಏಳಲಿಲ್ಲ. ಅಜ್ಜ ಸಿದ್ದಪ್ಪ ಹಿರೇಹಳ್ಳದ ಉಸುಕಿನಲ್ಲಿ ಹೂತುಹೋದ ಬಂಡಿಯ ಗಾಲಿಗೆ ಒಬ್ಬನೇ ಹೆಗಲು ಕೊಟ್ಟು ಎತ್ತಿ, ದಂಡೆಯ ಬೇವಿನ ಗಿಡಕ್ಕೆ ಒರಗಿ ಕಣ್ಣುಮುಚ್ಚಿದ. ದೊಡ್ಡಪ್ಪ ಬಾವಿ ತೋಡುವಾಗ ಕಡೆಯ ಬಂಡೆ ಒಡೆದು, ನೀರು ಚಿಮ್ಮಿದ್ದು ಕಂಡು, ನಕ್ಕು, ಹಾಗೇ ಹಿಂದಕ್ಕೆ ಬಿದ್ದ. ಇನ್ನು ನಮ್ಮ ಅಪ್ಪ. ಸಿದ್ದಾಪುರದ ಅಕ್ಕಿ ಗಿರಣಿಯಲ್ಲಿ ಹಮಾಲರೊಂದಿಗೆ ಪಂಥ ಕಟ್ಟಿ ಎರಡು ಚೀಲ ಭತ್ತ ಒಟ್ಟಿಗೇ ಬೆನ್ನ ಮೇಲೆ ಹೊತ್ತು, ಲಾರಿಗೆ ಏರಿಸಿ, ಒಂದು ತಂಬಿಗೆ ನೀರು ಕುಡಿದು, "ಸ್ವಲ್ಪ ಅಡ್ಡಾಗತೀನಿ" ಎಂದ. ಅಷ್ಟೇ. ನಾನಾಗ ಹೊಸದಾಗಿ ಶಾಲೆಗೆ ಟೀಚರಾಗಿ ಸೇರಿದ್ದೆ. ಅತ್ತು ಮುಗಿದ ಮೇಲೆ ಉಳಿದದ್ದು ಆ ಎರಡು ಚೀಲದ ಹೆಮ್ಮೆ. "ಗಂಡಸು ಅಂದ್ರ ಹಂಗ ಹೋಗಬೇಕು ನೋಡವಾ" ಎಂದು ಬಂದವರೆಲ್ಲ ಹೇಳಿದರು. ವರ್ಷಗಟ್ಟಲೆ ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಕತೆ ನಾನೇ ಹೇಳಿದ್ದೇನೆ, ಒಮ್ಮೊಮ್ಮೆ ಚೀಲ ಮೂರು ಮಾಡಿ.

ಕೊಪ್ಪಳ ಜಿಲ್ಲೆಯಾದ ವರ್ಷ ನನ್ನ ತಮ್ಮ ಶರಣು ಕುಷ್ಟಗಿಯ ಹೈಸ್ಕೂಲಿಗೆ ಪಿ.ಟಿ. ಮಾಸ್ತರನಾಗಿ ಹೋದ. ಬೀಡಿಯಿಲ್ಲ, ಕುಡಿತವಿಲ್ಲ, ಚಹಾ ಕೂಡ ಅರ್ಧ ಕಪ್ಪು. ಮೈಯಲ್ಲಿ ಒಂದು ಚಿಟಿಕೆ ಬೊಜ್ಜಿಲ್ಲ. ಬೆಳಗಾದರೆ ಹುಡುಗರಿಗಿಂತ ಮುಂದೆ ಓಡುತ್ತಿದ್ದ. ಅವನಿಗೆ ಮೂವತ್ತೊಂಬತ್ತು ಆದಾಗ ಒಂದು ದಿನ ಓಡುವಾಗ ದವಡೆ ಜಗ್ಗಿದಂತಾಯಿತು, ಎಡ ಭುಜ ಭಾರವಾಯಿತು. ನಿಂತರೆ ಇಲ್ಲ, ಓಡಿದರೆ ಮತ್ತೆ. ವಾಲಿಬಾಲು ಹೊಡೆದು ಹಿಡಿದುಕೊಂಡಿದೆ ಎಂದ. ನಾನು ಬಿಡದೆ ಕೊಪ್ಪಳದ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಇನ್ನೂ ಎಳೆ ವಯಸ್ಸಿನ ಹುಡುಗಿ, ಶ್ರೀರಾಮನಗರದ ಕಡೆಯವಳು. ಮನೆಮಾತು ತೆಲುಗು, ಕನ್ನಡ ನಮ್ಮದೇ. ಇ.ಸಿ.ಜಿ. ತೆಗೆದಳು, ಸರಿಯಿತ್ತು. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. ಆಮೇಲೆ ಪೆನ್ನು ಹಿಡಿದು ಕೇಳಿದಳು:

"ನಿಮ್ಮ ಮನ್ಯಾಗ ಯಾರಿಗರ ಸಣ್ಣ ವಯಸ್ಸಿನ್ಯಾಗ ಹಾರ್ಟ್ ಅಟ್ಯಾಕ್ ಆಗಿತ್ತೇನ್ರಿ?"

"ಛೇ ಛೇ, ಇಲ್ರಿ. ನಮ್ಮ ಮನೆತನದಾಗ ಎಲ್ಲಾರೂ ಗಟ್ಟಿ ಮಂದಿ," ಎಂದ ಶರಣು.

ಅವಳು ನನ್ನ ಮುಖ ನೋಡಿದಳು. ನಾನೂ ತಲೆಯಾಡಿಸಿದೆ. ಅದನ್ನು ಇವತ್ತಿಗೂ ಮರೆತಿಲ್ಲ. ಹದಿನೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು, ಹೃದಯಕ್ಕೆ ನಾಲ್ಕು ಕೋಣೆ ಎಂದು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದವಳು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಖುಷಿಯಿಂದ ತಲೆಯಾಡಿಸಿದೆ. ನಾನು ಸುಳ್ಳು ಹೇಳಲಿಲ್ಲ ಓದುಗರೇ, ನಂಬಿದ್ದೇ ಹಾಗೆ. ನಮ್ಮವರು ಎದೆನೋವಿನಿಂದ ಸತ್ತಿರಲಿಲ್ಲ, ಕಲ್ಲೆತ್ತಿ ಸತ್ತಿದ್ದರು. ಡಾಕ್ಟರಮ್ಮ "ಮತ್ತ ಹಂಗಾದ್ರ ತಡ ಮಾಡಬ್ಯಾಡ್ರಿ" ಎಂದು ಕಳಿಸಿದಳು. ಅವನಿಗೆ ಮತ್ತೆ ಹಾಗಾಯಿತು, ಹಲವು ಸಲ ಆಯಿತು. ಅವನು ಹೇಳಲಿಲ್ಲ.

ಅದೇ ಸುಗ್ಗಿಗೆ ಯಲ್ಲಪ್ಪ ಇರಕಲ್ಲಗಡಕ್ಕೆ ಬಂದ. ಶರಣುವಿಗೆ ಗಂಡುಮಗು ಹುಟ್ಟಿತ್ತು, ಹೆಸರು ಬರೆಸಬೇಕೆಂದು ನಾವೆಲ್ಲ ಸೇರಿದ್ದೆವು. ಕಟ್ಟೆಯ ಸುತ್ತ ಜನ. ನೀಲವ್ವತ್ತೆ ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಯಲ್ಲಪ್ಪ ಗಂಟೆ ಬಾರಿಸಿ ರಾಗ ಎತ್ತಿದ. ಮುತ್ತಜ್ಜ ಕಲ್ಲೆತ್ತಿದ. ಗುಡಿ ಸುತ್ತಿದ. ಕುಳಿತ. ಜನ "ಆಹಾ" ಎಂದರು.

"ಅವಾಗ ಅವಗ ವಯಸ್ಸೆಷ್ಟಿತ್ತೋ ಯಲ್ಲಪ್ಪಾ?" ಎಂದಳು ಅತ್ತೆ.

ಯಲ್ಲಪ್ಪನ ರಾಗ ತುಂಡಾಯಿತು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಹೊತ್ತಿಗೆಯಲ್ಲಿ ಹುಟ್ಟಿದ ಸಂವತ್ಸರ, ಹೋದ ಸಂವತ್ಸರ ಎರಡೂ ಇರುತ್ತವೆ, ಕಳೆದು ನೋಡುವವರಿಲ್ಲ ಅಷ್ಟೇ. ಬೆರಳು ಮಡಚಿ ಎಣಿಸಿದ. "ನಲವತ್ತಮೂರು ಅಕ್ಕೈತಿ ಬಿಡವಾ."

"ಮುಂದ ಹೇಳು."

ಅಜ್ಜ ಬಂಡಿ ಎತ್ತಿದ. ಬೇವಿನ ಗಿಡಕ್ಕೆ ಒರಗಿದ.

"ಅವಾಗ ನಮ್ಮಪ್ಪಗ ವಯಸ್ಸೆಷ್ಟು?" ಎಂದಳು ಅತ್ತೆ.

"ಪ್ಲವದಾಗ ಹುಟ್ಟ್ಯಾರ, ಪಾರ್ಥಿವದಾಗ ಹೋಗ್ಯಾರ..." ಮತ್ತೆ ಬೆರಳು. "ನಲವತ್ತನಾಕು."

ದೊಡ್ಡಪ್ಪ ನಲವತ್ತೊಂದು. ನಮ್ಮ ಅಪ್ಪನದು ಕೇಳಬೇಕಾಗಿರಲಿಲ್ಲ, ನನಗೇ ಗೊತ್ತಿತ್ತು: ನಲವತ್ತಾರು. ಕಟ್ಟೆಯ ಮೇಲೆ ಯಾರೂ "ಆಹಾ" ಅನ್ನಲಿಲ್ಲ. ಚಿಕ್ಕಪ್ಪನ ಸಾಲಿನ ಹಿರಿಯರೊಬ್ಬರು ಮಾತ್ರ ಸಿಟ್ಟಾದರು. "ಏ ನೀಲವ್ವಾ, ಹಿರ್ಯಾರ ಕೀರ್ತಿ ಹೇಳೂವಾಗ ಏನ್ ತಗದೀಯವಾ ನೀನು? ಅವರು ಹುಲಿ ಇದ್ದಂಗ ಇದ್ರು!"

"ಹೌದಪಾ, ಹುಲಿನ. ಒಂದ ಹುಲಿನೂ ಐವತ್ತು ಕಾಣಲಿಲ್ಲಲಾ? ಕಲ್ಲ ಎತ್ತಿದ್ದಕ್ಕ ಸತ್ರ, ಕಲ್ಲ ಎತ್ತಿದ ಮಂದಿ ಎಲ್ಲಾ ಸಾಯಬೇಕಾಗಿತ್ತು. ಪಂದ್ಯದಾಗ ಸೋತವರ ಮೊಮ್ಮಕ್ಕಳು ಇಲ್ಲೇ ಕುಂತಾರ ನೋಡು, ಅವರಜ್ಜ ಎಂಬತ್ತು ದಾಟಿ ಹೋದ."

ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟರ್ ಕೇಳಿದಾಗ ಏನಂತ ಹೇಳಿ ಬಂದ್ರಿ?" ಎಂದಳು. ನಾನು ಹೇಳಿದೆ. ಅವಳು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. "ಸಾಲಿ ಕಲತಾಕಿ ನೀನು. ಕಲತಾಕಿ!" ಎಂದಳು. ಅವಳು ನನಗೆ ಬೈದದ್ದು ಜೀವಮಾನದಲ್ಲಿ ಅದೊಂದೇ ಸಲ, ಮತ್ತು ಅಷ್ಟೇ ಮಾತು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮರುದಿನ ಬೆಳಗ್ಗೆ ಡಾಕ್ಟರಮ್ಮನ ದವಾಖಾನೆಯ ಬೆಂಚಿನ ಮೇಲೆ ಕುಳಿತ ಸಾಲನ್ನು ನೀವು ನೋಡಬೇಕಿತ್ತು. ಒಂದು ತುದಿಗೆ ಮುಖ ಊದಿಸಿಕೊಂಡ ಶರಣು, ಅವನ ಪಕ್ಕ ನಾನು, ಆಮೇಲೆ ಹಸಿರು ಇಳಕಲ್ ಸೀರೆಯ ನೀಲವ್ವತ್ತೆ, ಈ ತುದಿಗೆ ಹಳದಿ ರುಮಾಲಿನ ಯಲ್ಲಪ್ಪ. ಅವನ ತೊಡೆಯ ಮೇಲೆ ಕೆಂಪು ಬಟ್ಟೆಯ ಹೊತ್ತಿಗೆ, ಹೊತ್ತಿಗೆಯ ಮೇಲೆ ಗಂಟೆ. ಅವನನ್ನು ಅತ್ತೆ ರಾತ್ರಿ ಊರಲ್ಲೇ ಉಳಿಸಿಕೊಂಡಿದ್ದಳು. "ಬಾಯಿಲೆ ಹೇಳಿದ್ರ ನಂಬಂಗಿಲ್ಲ ಅವರು, ಕಾಗದ ಬೇಕಾಗತೈತಿ" ಎನ್ನುವುದು ಅವಳ ವಾದ. ಕಾಂಪೌಂಡರು ಬಂದು "ಪೇಷಂಟ್ ಯಾರ್ರಿ?" ಎಂದ. ಅತ್ತೆ "ಐದು ತಲಿ ಅದಾರಪಾ, ನಾಕು ಮಂದಿ ತೀರಿಕೊಂಡಾರ" ಎಂದಳು. ಅವನು ಒಳಗೆ ಹೋಗಿ ಏನು ಹೇಳಿದನೋ, ನಮ್ಮನ್ನು ಮೊದಲೇ ಕರೆದರು.

ಡಾಕ್ಟರಮ್ಮ ನಗಲಿಲ್ಲ, ಅದು ಅವಳ ದೊಡ್ಡತನ. ಯಲ್ಲಪ್ಪನಿಗೆ ಕುರ್ಚಿ ಹಾಕಿಸಿದಳು. ಅವನು ರಾಗವಿಲ್ಲದೆ ಹೇಳಲಾರ, ರಾಗದಲ್ಲೇ ಹೇಳಿದ. ಅವಳು ಬಿಳಿ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಬರೆದು ವಂಶದ ಗಿಡ ಇಳಿಸುತ್ತ ಬಂದಳು. ಸತ್ತವರ ಚೌಕಕ್ಕೆ ಒಂದು ಗೆರೆ, ಪಕ್ಕಕ್ಕೆ ವಯಸ್ಸು. ನಲವತ್ತಮೂರು, ನಲವತ್ತನಾಲ್ಕು, ನಲವತ್ತೊಂದು, ನಲವತ್ತಾರು. ಕೊನೆಯ ಚೌಕ ಶರಣುವಿನದು, ಗೆರೆ ಇಲ್ಲ. ಅವನು ಆ ಹಾಳೆಯನ್ನೇ ನೋಡುತ್ತ ಕುಳಿತಿದ್ದ. ಮುಖದ ಸಿಟ್ಟು ಯಾವಾಗಲೋ ಇಳಿದಿತ್ತು.

"ದುಂಡು ಎಲ್ಲಾ ಖಾಲಿ ಅದಾವಲ್ರಿ. ಹೆಣ್ಣಮಕ್ಕಳು?" ಎಂದಳು ಡಾಕ್ಟರಮ್ಮ.

"ಹೆಣ್ಣಮಕ್ಕಳ ನಮ್ಮ ಹೊತ್ತಿಗ್ಯಾಗ ಬರಂಗಿಲ್ರಿ ತಾಯಿ. ಅವರು ಬ್ಯಾರೆ ಮನಿಗೆ ಹೋಗೋರು."

"ಬರಕೋಳ್ರಿ, ನಾ ಹೇಳತೀನಿ," ಎಂದಳು ನೀಲವ್ವತ್ತೆ. "ನಮ್ಮಕ್ಕ ಗಂಗವ್ವ. ಯಲಬುರ್ಗಿಗೆ ಕೊಟ್ಟಿತ್ತು. ಮುಂಜಾನೆ ರೊಟ್ಟಿ ಬಡೀತಿದ್ಲು, ಒಂದು ಹಂಚಿನ ಮ್ಯಾಲಿತ್ತು, ಒಂದು ಹಿಟ್ಟು ನಾದೂ ಕೊಣಮಿಗ್ಯಾಗಿತ್ತು. ಬೆನ್ನಾಗ ಏನೋ ಹಿಡಕೊಂಡಂಗ ಆಗೈತಿ ಅಂದ್ಲಂತ, ಹಂಗ ವಾಲಿದ್ಲು. ನಲವತ್ತೆಂಟು. ಕಲ್ಲ ಎತ್ತಿದ್ದು ಹಾಡಿದ್ರು, ರೊಟ್ಟಿ ಬಡದದ್ದು ಯಾರೂ ಹಾಡಲಿಲ್ಲ."

ಡಾಕ್ಟರಮ್ಮ ಒಂದು ದುಂಡಿಗೆ ಗೆರೆ ಎಳೆದು 48 ಎಂದು ಬರೆದಳು.

ಆಮೇಲೆ ಅತ್ತೆ ನಮ್ಮ ಬಿಸಿರಕ್ತದ ವಿಚಾರ ತೆಗೆದಳು. ಈ ಊತಕ್ಕೂ ಆ ಸಾವಿಗೂ ನಂಟುಂಟೇ ಎಂಬುದು ಅವಳ ಪ್ರಶ್ನೆ. ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದಳು. ಮೈಗೆ ಗಾಯವಾದರೆ ಕಾವಲು ಕಾಯುವ ಕಣಗಳು ಓಡಿಬಂದು ಉರಿ ಎಬ್ಬಿಸುತ್ತವೆ, ಅದಕ್ಕೇ ಉರಿಯೂತ ಎನ್ನುವುದು. ಕೆಲಸ ಮುಗಿದ ಮೇಲೆ ಅದು ಆರಬೇಕು. ಕೆಲವು ಮನೆತನಗಳಲ್ಲಿ ಹುಟ್ಟುತ್ತಲೇ ಬಂದ ಜೀನಿನ ಸಣ್ಣ ವ್ಯತ್ಯಾಸದಿಂದ ಆ ಉರಿ ಬೇಗ ಹೊತ್ತುತ್ತದೆ, ತಡವಾಗಿ ಆರುತ್ತದೆ. ಅಂಥ ಉರಿ ರಕ್ತನಾಳದ ಗೋಡೆಯಲ್ಲಿ ಸದ್ದಿಲ್ಲದೆ ಕುಳಿತರೆ ಅಲ್ಲಿ ಕೂಡಿದ ಕೊಬ್ಬಿನ ಗಂಟು ಒಂದು ದಿನ ಒಡೆಯುತ್ತದೆ, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. "ಆದ್ರ ಒಂದ ಮಾತು. ಮುಳ್ಳಿಗೆ ಬಾವು ಬರೋರಿಗೆಲ್ಲಾ ಹಾರ್ಟ್ ಅಟ್ಯಾಕ್ ಆಗತೈತಿ ಅಂತ ಅಲ್ರಿ ಅಮ್ಮ. ಒಂದ ಜೀನು ಎಲ್ಲಾ ಹಣೆಬರಾ ಬರಿಯಂಗಿಲ್ಲ. ದೊಡ್ಡ ದೊಡ್ಡ ಮಂದಿ ಇನ್ನಾ ಹುಡುಕಾಕತ್ಯಾರ. ನಿಮ್ಮ ಮನಿದು ಅದ ಅಂತ ನಾನೂ ಹೇಳಲಾರೆ. ಆದ್ರ ಈ ಹಾಳಿ ನೋಡಿದ ಮ್ಯಾಲೆ ನಾ ಸುಮ್ನ ಕುಂಡ್ರಂಗಿಲ್ಲ."

"ಕುಳ್ಳಿನ ಒಲಿ ಇದ್ದಂಗ ಅನ್ರಿ. ಮ್ಯಾಲೆ ಬೂದಿ, ಒಳಗ ಕೆಂಡ," ಎಂದಳು ಅತ್ತೆ.

"ನೀವು ಹೇಳಿದ್ದ ಛಲೋ ಐತಿ. ನಾಳಿಂದ ನಾನೂ ಹಂಗ ಹೇಳತೀನಿ."

ರಕ್ತ ತೆಗೆಸಿದಳು. ಉರಿಯೂತದ ಅಳತೆ ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿತ್ತು. ಅವತ್ತೇ ಹುಬ್ಬಳ್ಳಿಗೆ ಚೀಟಿ ಬರೆದಳು. ಶರಣು "ಶನಿವಾರ ಕ್ರೀಡಾಕೂಟ ಐತ್ರಿ" ಎಂದ. ಅತ್ತೆ ಅವನ ಕೈ ಹಿಡಿದಳು. "ನಿಮ್ಮಪ್ಪಗೂ ಅವತ್ತ ಲಾರಿ ತುಂಬೂದಿತ್ತಪಾ," ಎಂದಳು. ಅವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಹುಬ್ಬಳ್ಳಿಯಲ್ಲಿ ನಾಳದೊಳಗೆ ಬಣ್ಣ ಬಿಟ್ಟು ನೋಡಿದರು. ಎರಡು ಕಡೆ ದಾರಿ ಮುಚ್ಚುತ್ತ ಬಂದಿತ್ತು, ಒಂದರಲ್ಲಿ ಕೂದಲೆಳೆಯಷ್ಟೇ ಉಳಿದಿತ್ತು. ಎರಡು ಸ್ಟೆಂಟು ಹಾಕಿದರು. "ಇನ್ನೊಂದು ಕ್ರೀಡಾಕೂಟ ಆಗಿದ್ರ ಇವರನ್ನ ನಾವು ನೋಡತಿರಲಿಲ್ಲ," ಎಂದರು ಅಲ್ಲಿಯ ಡಾಕ್ಟರು.

ಆಮೇಲೆ ಅತ್ತೆ ನಮ್ಮನ್ನೆಲ್ಲ ದನ ಹೊಡೆದಂತೆ ಹೊಡೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಗಂಗವ್ವನ ಮಕ್ಕಳನ್ನು ಯಲಬುರ್ಗಿಯಿಂದ, ದೊಡ್ಡಪ್ಪನ ಮಕ್ಕಳನ್ನು ಗಂಗಾವತಿಯಿಂದ ಕರೆಸಿದಳು. ಹುಲಿಯಂತಿದ್ದರು ಎಂದು ಸಿಟ್ಟಾದ ಹಿರಿಯರೂ ಹಿಂದಿನ ಬಾಗಿಲಿನಿಂದ ಬಂದು ತೋಳು ಚಾಚಿದರು. ನನ್ನ ಅಳತೆಯೂ ಮೇಲಿತ್ತು, ಅತ್ತೆಯದೂ. ಅಂದಿನಿಂದ ನಾವಿಬ್ಬರೂ ಗುಳಿಗೆ ನುಂಗುತ್ತೇವೆ. ಮೊದಲೆಲ್ಲ ಯಾರ ಬಾವು ದೊಡ್ಡದು ಎಂಬ ಪೈಪೋಟಿ ಇತ್ತು, ಈಗ ಫೋನಿನಲ್ಲಿ "ನುಂಗಿದ್ಯಾ?" "ನುಂಗಿದೆ, ನೀನು?" ಎಂಬ ಪೈಪೋಟಿ.

ಹೆಬ್ಬೆರಳಿಗೆ ಅರಿಷಿಣ ಹಚ್ಚಿಕೊಂಡ ಮರುದಿನವೇ ಅತ್ತೆಯ ಫೋನು ಬಂತು: "ಯಲ್ಲಪ್ಪ ಬಂದಾನ. ಬಾ." ಹೋದೆ. ಕಟ್ಟೆ ಅದೇ, ಯಲ್ಲಪ್ಪನ ಮೀಸೆ ಬೆಳ್ಳಗಾಗಿದೆ. ರಾಗ ಎತ್ತಿದ. ಕಲ್ಲು, ಬಂಡಿ, ಬಾವಿ, ಚೀಲ ಎಲ್ಲ ದಾಟಿ ಶರಣುವಿನ ಹೆಸರಿಗೆ ಬಂದು ನಿಂತ. ತಮ್ಮನಿಗೀಗ ಐವತ್ತೈದು, ಹೊತ್ತಿಗೆಯಲ್ಲಿ ನಮ್ಮ ನೇರ ಸಾಲಿನ ಯಾವ ಗಂಡಸೂ ಕಾಣದ ವಯಸ್ಸು. "ಸಾಹೇಬ್ರದು ಏನ್ ಕೀರ್ತಿ ಹೇಳ್ಲಿ? ಏನೂ ಎತ್ತಿಲ್ಲಲ್ರಿ" ಎಂದ ಯಲ್ಲಪ್ಪ. "ದಿನಾ ಒಂದು ಗುಳಿಗಿ ಎತ್ತತಾನ ಅಂತ ಬರಿಯೋ" ಎಂದ ಶರಣು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಊದಿದ ಬೆರಳನ್ನೇ ಮುಂದೆ ಮಾಡಿ, "ನೀಲವ್ವತ್ತಿ ಹೆಸರು ಬರಿ" ಎಂದೆ. ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿದ್ದ ಮಾತು, ದನಿ ಸ್ವಲ್ಪ ಜೋರಾಗಿಯೇ ಬಂತು. ಯಲ್ಲಪ್ಪ ಒಂದು ಕ್ಷಣ ನನ್ನನ್ನು ನೋಡಿದ. ಹೆಣ್ಣುಮಕ್ಕಳ ಹೆಸರು ಬರೆಯುವುದು ಪದ್ಧತಿಯಲ್ಲ ಅನ್ನುತ್ತಾನೆಂದು ಕಾದೆ. ಅವನು ಪೆನ್ನಿನ ಟೊಪ್ಪಿಗೆ ತೆಗೆದ. ತಲೆ ತಗ್ಗಿಸಿ ಮೆಲ್ಲಗೆ ಕೇಳಿದ, "ಯಾವಾಗ ತೀರಿಕೊಂಡ್ರು ಅಂತ ಹಾಕ್ಲಿ ಅಕ್ಕಾರ?" ಪಾಪ, ದೂರದ ನೋಟ ಮಂಜಾಗಿದೆ, ಬಾಗಿಲ ಹತ್ತಿರ ಕುಳಿತವಳನ್ನು ಅವನು ನೋಡಿಯೇ ಇರಲಿಲ್ಲ.

"ಎಲ್ಲಿ ತೀರಿಕೊಂಡೀನೋ ಮಾರಾಯ, ನಿನಗ ಬಡದ ರೊಟ್ಟಿ ಒಳಗ ಆರಾಕತ್ಯಾವ!" ಎಂದಳು ಅತ್ತೆ. ಎಂಬತ್ತಾರರ ದನಿ, ಓಣಿಯ ತುದಿಗೆ ಕೇಳಿಸಿತು. ಆಮೇಲೆ, "ನಂದು ಆಮ್ಯಾಲೆ. ಮೊದಲು ಅಕ್ಕಂದು ಬರಿ" ಎಂದಳು.

ಅವನು ಬರೆದ. ಬರೆದಾದ ಮೇಲೆ ಓದಿ ಹೇಳು ಎಂದೆವು. ಯಲ್ಲಪ್ಪ ಗಂಟೆ ಬಾರಿಸಿ, ಕಲ್ಲೆತ್ತಿದ ಮುತ್ತಜ್ಜನಿಗೆ ಎತ್ತುವ ಅದೇ ರಾಗ ಎತ್ತಿದ. ಸಿದ್ದಪ್ಪನ ಹಿರಿಮಗಳು ಗಂಗವ್ವ, ಯಲಬುರ್ಗಿಗೆ ಕೊಟ್ಟಾಕಿ, ಹಂಚಿನ ಮ್ಯಾಲೆ ಒಂದು ರೊಟ್ಟಿ, ಕೊಣಮಿಗ್ಯಾಗ ಒಂದು ರೊಟ್ಟಿ, ಬಡೀತಾ ಬಡೀತಾ ಹೋದಾಕಿ. ಅಲ್ಲಿಗೆ ಸಾಲು ಮುಗಿಯಿತು ಎಂದುಕೊಂಡೆ. ಅವನು ಉಸಿರು ತೆಗೆದುಕೊಂಡ, ಅತ್ತೆಯ ಕಡೆ ಒಮ್ಮೆ ನೋಡಿದ, ಅವಳು ಬಾಯಿ ತೆರೆಯುವ ಮೊದಲೇ ತಾನೇ ರಾಗ ಎಳೆದು ಹೇಳಿದ:

"ಅವಾಗ ಆಕಿಗೆ ನಲವತ್ತೆಂಟೋ..."